ಚೌಕ ಹದಿನೇಳು

ಜಿಂಕೆ ನೋಡಬಂದವರಿಗೆ ಗೋಪುರವಿದೆ, ಹತ್ತಲಿ.
ನನಗೆ ಮಂಡಿ ಸಾಕು.
ಅಂಗೈಯಗಲದ ತಂತಿಯ ಚೌಕ,
ಕೊರಳಲ್ಲಿ ತಾಳಿಗೆ ತಾಕಿ ಟಿಣ್ಣೆನ್ನುವ ಮಸೂರ,
ನಿನ್ನೆಯ ಪೇಪರಿನಲ್ಲಿ ಮಡಚಿದ ನಲವತ್ತು ಪೊಟ್ಟಣ.
ನಲವತ್ತೂ ಖಾಲಿ.

ವಾಚರ್ ಮೂಡ್ಲಗಿರಿಯಪ್ಪನಿಗೆ ನನ್ನ ಮೇಲೆ ಕನಿಕರ.
"ಹಾವಸೆ ಬೇಕಂದ್ರೆ ದೇವರಾಯನದುರ್ಗಕ್ಕೆ ಹೋಗ್ಬೇಕಿತ್ತು ಮೇಡಂ.
ಮೈದನಹಳ್ಳೀಲಿ ಏನೈತೆ?
ಹುಲ್ಲು, ಗಾಳಿ, ಜಿಂಕೆ ಹಿಕ್ಕೆ."

ಬರೆದುಕೊಳ್ಳುತ್ತೇನೆ:
ಚೌಕ ಒಂಬತ್ತು, ಹುತ್ತದ ಬಡಗಣ ಮೈ, ಸೊನ್ನೆ.
ಚೌಕ ಹತ್ತು, ಜಾಲಿಯ ಬುಡ, ಸೊನ್ನೆ.
ಅಂಗಾಲಿನ ಮುಳ್ಳು, ಎರಡು. (ಇದಕ್ಕೆ ಕಾಲಂ ಇಲ್ಲ.)
ಇಲ್ಲದ್ದನ್ನೂ ಎಣಿಸಿಡಬೇಕು,
ಇಲ್ಲವಾದರೆ ಹುಡುಕಲೇ ಇಲ್ಲವೆಂದಾಗುತ್ತದೆ.

ಹದಿನಾಲ್ಕರಲ್ಲಿ ಒಂದು ಗುಂಡು.
ಅದರ ನೆರಳು ಮಗ್ಗುಲಿಗೆ
ಹೆಂಚಿಗಂಟಿದ ರೊಟ್ಟಿಯ ಸೀಕಲಿನಂಥ ಕಪ್ಪು.
"ಅದು ಬೆಂಕಿ ಬಿದ್ದದ್ದು, ಮಾರ್ಚಿಯಾಗೆ" ಅಂದ.
ಬಾಟಲಿಯ ಮುಚ್ಚಳದಲ್ಲಿ ನೀರು ಹನಿಸಿದೆ.
ಎಣಿಸಿ ಅಂದೆ. ಒಂದು, ಎರಡು,
ಐದಕ್ಕೆ ಏನೋ ಮಿಸುಕಿತು,
ಎಂಟಕ್ಕೆ ಕಪ್ಪೆಲ್ಲ ಬೆರಳು ಬಿಚ್ಚಿ
ಹಸಿರು.
ಒಂಬತ್ತನ್ನು ಅವನು ಎಣಿಸಲಿಲ್ಲ.

ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ.
ಆಮೇಲೆ, ನನಗಲ್ಲ, ಗುಂಡಿಗೇ ಹೇಳುವಂತೆ:
"ಗೋಪುರದ ಟ್ಯಾಂಕು ಸೋರ್ತದಲ್ಲ, ಮೆಟ್ಟಿಲ ಮ್ಯಾಲೆ
ಮೆತ್ತೆ ಹಾಸ್ದಂಗೆ ಬೆಳದಿತ್ತು.
ದೊಡ್ಡ ಸಾಹೇಬ್ರು ಬರ್ತಾರೆ ಅಂತ
ಬ್ಲೀಚಿಂಗ್ ಪೌಡರ್ ಹಾಕಿ ನಾನೇ ತಿಕ್ಕಿದೆ.
ಅದೂ ಇದೇ ಜಾತಿಯಾ?"
ಗೊತ್ತಿಲ್ಲ ಅಂದೆ.
ಗೊತ್ತಿರಲಿಲ್ಲ.
ಸಾಹೇಬರು ಬಂದರೇ ಎಂದು ಕೇಳಲು ಬಾಯಿ ಬರಲಿಲ್ಲ.

ಚೌಕ ಹದಿನೇಳು. ಬಟ್ಟಬಯಲು.
ಪುನರ್ವಸು ಸುರಿದ ಮೂರು ದಿನ
ಯಾವುದೋ ಇರಳೆ ಕೆಸರಿನಲ್ಲಿ ಊರಿ ಹೋದ ಗೊರಸು,
ಅದರಲ್ಲಿ ನಿಂತ ನೀರು, ನೀರು ಇಂಗಿದ ತಳದಲ್ಲಿ
ಹತ್ತು ಪೈಸೆಯಷ್ಟಗಲದ ರಿಕ್ಸಿಯಾ.
ಎಲೆಯೆನ್ನಲು ಎಲೆಯಲ್ಲ,
ಬೇರೆನ್ನಲು ಕೂದಲಿಗಿಂತ ನವುರು,
ಹೂವು ಅದರ ವಂಶದಲ್ಲೇ ಇಲ್ಲ.
ಸೀಳು, ಸೀಳಿನ ತುದಿಗೆ ಮತ್ತೆ ಸೀಳು,
ತನ್ನನ್ನು ಹೊತ್ತ ಗೊರಸನ್ನೇ
ನೋಡಿ ನೋಡಿ ಬರೆದ ಹಾಗೆ.

ಮಸೂರ ಅವನ ಕೈಗೆ ಕೊಟ್ಟೆ.
ಮೊದಲು ತಿರುಗಾಮುರುಗಾ ಹಿಡಿದ.
ಆಮೇಲೆ ಉಸಿರು ಬಿಗಿಹಿಡಿದ,
ಊದಿದರೆ ಹಾರಿಹೋದೀತೆಂದು.

ಗೋಪುರದ ಮೇಲೆ ಯಾರದೋ ಕೂಗು:
ಅಗೋ, ಅಗೋ, ಹಿಂಡು!
ಹುಲ್ಲಿನಾಚೆ ಕಪ್ಪು ಬಿಳುಪು ಬೆನ್ನುಗಳು
ನೆಗೆ ನೆಗೆದು ಹೋಗಿರಬೇಕು,
ನೆಲ ಅದುರಿದ್ದಷ್ಟೇ ನಮ್ಮ ಪಾಲಿಗೆ.

ಮೂಡ್ಲಗಿರಿಯಪ್ಪ ತಲೆಯೆತ್ತಲಿಲ್ಲ.
ನಾನು ಏಳಹೊರಟಾಗ ಮೊಣಕೈ ಹಿಡಿದು ತಡೆದ:
"ಕಾಲು ನೋಡ್ಕೊಂಡು ಇಡಿ, ಮೇಡಂ."