ಝಂಕೋರ ಅಳಲಿಲ್ಲ

ಸಂಜೆ ಐದೂವರೆಗೆ ಸರಿಯಾಗಿ ಅವನು ಬರ್ತಾನೆ.
ಎರ್ರಿಸ್ವಾಮಿ ದಿಂಬಿನ ಹಿಂದೆ ಸೇರ್ತಾನೆ,
ನಾನು ಕತ್ತರಿ ಕೆಳಗಿಟ್ಟು
ಗ್ಯಾಸ್ ಸಣ್ಣ ಮಾಡಿ
ಬಾಗಿಲಿಗೆ ಒರಗ್ತೀನಿ.

ಕೌಲ್ ಬಜಾರಿನ ಈ ಕಿಟಕಿ ಇಲ್ಲದ ಕೋಣೆಗೆ
ಅರ್ಧ ಜಾಗ ಪ್ಯಾಂಟಿನ ಗುಡ್ಡ.
ಒಂದೊಂದಕ್ಕೂ ಎಳೆ ಕತ್ತರಿಸಬೇಕು,
ಕಾಜಾದ ಬಾಯಿ, ಜೇಬಿನ ಮೂಲೆ, ಕಾಲಿನ ಅಂಚು,
ಡಜನ್ನಿಗೆ ಇಷ್ಟು ಅಂತ ಲೆಕ್ಕ.
ಬೆರಳಿಗೆ ಹತ್ತಿದ ನೀಲಿ
ಸೀಗೆಕಾಯಿಗೂ ಹೋಗಲ್ಲ, ಸೀಮೆಎಣ್ಣೆಗೂ ಹೋಗಲ್ಲ.

ಅವನ ಮುಖಾನೂ ನೀಲಿ.
ಅದಕ್ಕೇ ಇರಬೇಕು ಮೊದಲ ದಿನ
ಕಣ್ಣು ಅಲ್ಲೇ ನಿಂತಿದ್ದು.

ಪಾಪಿ ಅವನು. ಅದರಾಗೆ ಎರಡು ಮಾತಿಲ್ಲ.
ಸಾಕಿದ ಹಕ್ಕಿಯ ರೆಕ್ಕೆ ಮುರಿದು
ಬೀಸಣಿಗೆ ಮಾಡಿಕೊಂಡ.
ಏಳು ಊರಿನ ಮಕ್ಕಳ ಹೆಸರು ಕದ್ದು
ಉಪ್ಪಿನಕಾಯಿ ಹಾಕಿದಂಗೆ ಸೀಸೆಗೆ ತುಂಬಿ
ಮುಚ್ಚಳ ಬಿಗಿದ.
ಹೆಸರಿಲ್ಲದ ಮಗನ್ನ ತಾಯಿ ಹೆಂಗೆ ಕೂಗಬೇಕು?
ಬಾಯಿ ತೆರೆದು ನಿಂತ್ಲು ಆಕೆ, ಇಡೀ ಒಂದು ಸಂಚಿಕೆ.
ಅವನು ಮೇಲಿನ ಕಿಟಕಿಯಾಗೆ ದ್ರಾಕ್ಷಿ ತಿಂತಿದ್ದ.
ನಾನು ಶಾಪ ಹಾಕಿದೆ, ಜೋರಾಗಿ,
ಪಕ್ಕದ ಮನೆ ಮೆಹಬೂಬಿ ಗೋಡೆ ಬಡಿಯೋವಷ್ಟು.
ಮರುದಿನ ಐದೂ ಇಪ್ಪತ್ತಕ್ಕೇ ಬಂದು ಕುಂತೆ.

ಏನು ಹೇಳಲಿ, ಅವನ ನಡಿಗೆ!
ಮೆಟ್ಟಿಲಿಳಿಯುವಾಗ ಹಿಂದೆ ಹರಿಯೋ ಆ ನಿಲುವಂಗಿ,
ಒಂದೊಂದು ಮಡಿಕೆಯೂ ಬೇರೆ ಬೇರೆ ಬೀಳ್ತದೆ.
ಯಾರೋ ಕುಂತು ಬರೆದಾರೆ ಅದನ್ನ,
ಬೆನ್ನು ನೋಯಿಸಿಕೊಂಡು, ಗೆರೆ ಗೆರೆ.
ನಾಯಕನ ಅಂಗಿಗೆ ಹೊಲಿಗೇನೇ ಇಲ್ಲ,
ಬಣ್ಣ ಬಳಿದು ಬಿಟ್ಟಾರೆ.
ಇವನ ಕಾಲರಿಗೆ ಮಾತ್ರ ಜೋಡಿ ಹೊಲಿಗೆ,
ಎಳೆ ಒಂದೂ ಹೊರಗಿಲ್ಲ. ನೋಡೀನಿ ನಾನು.
(ನಲವತ್ಮೂರನೇ ಸಂಚಿಕೆಯಾಗೆ ಗುಂಡಿ
ಎಡದಿಂದ ಬಲಕ್ಕೆ ಹೋಗಿತ್ತು.
ನಮ್ಮಲ್ಲಾಗಿದ್ರೆ ಪೀಸ್ ವಾಪಸ್ ಬರ್ತಿತ್ತು.)

ಮತ್ತೆ ಆ ದನಿ.
ಕೂಗಲ್ಲ ಅವನು. ಬೆಣ್ಣೆಯಾಗಿನ ಕೂದಲು ತೆಗೆದಂಗೆ
ಮೆತ್ತಗೆ ಹೇಳ್ತಾನೆ: ‘ನನಗೆ ಬೇಕಿತ್ತು. ತಗೊಂಡೆ.’
ಅಷ್ಟೇ.
ನಿಮ್ಮ ಒಳ್ಳೇದಕ್ಕೇ ಅನ್ನಲಿಲ್ಲ,
ಮನೆಯವರಂಗೆ ನೋಡ್ತೀನಿ ಅನ್ನಲಿಲ್ಲ,
ಚಿಕ್ಕಂದಿನಾಗೆ ನನಗೆ ಹಿಂಗಾಗಿತ್ತು ಅಂತ
ಮೂಗು ಒರೆಸಲಿಲ್ಲ.

ಬಿಳಿ ಕುದುರೆ ಹುಡುಗಿ ಒಮ್ಮೆ ಕೇಳಿದ್ಲು,
ಯಾಕಿಷ್ಟು ಕ್ರೂರಿ ನೀನು ಅಂತ.
ಅವನು ಯೋಚನೆ ಮಾಡಿದ, ನಿಜವಾಗಿ ಮಾಡಿದ,
ಗದ್ದಕ್ಕೆ ಬೆರಳಿಟ್ಟು.
‘ಗೊತ್ತಿಲ್ಲ,’ ಅಂದ. ‘ಚೆನ್ನಾಗಿ ಬರ್ತದೆ ನನಗೆ.’
ನಾನು ನಕ್ಕೆ. ಒಲೆ ಮೇಲೆ ಒಗ್ಗರಣೆ ಸೀದಿತ್ತು.

ಎರ್ರಿಸ್ವಾಮಿ ಕೇಳ್ದ: ಅಮ್ಮಾ, ನೀ ಯಾರ ಕಡೆ?
ಮಕ್ಕಳಿಗೆ ಹೆಸರು ವಾಪಸ್ ಸಿಗಬೇಕು, ಅಂದೆ.
ಸೀಸೆ ಒಡೀಬೇಕು, ಅವನು ಸೋಲಬೇಕು.
ಆದ್ರೆ ನಿಧಾನಕ್ಕೆ ಸೋಲಲಿ.

ಕಡೇ ಸಂಚಿಕೆ, ಶುಕ್ರವಾರ.
ವಗ್ಗಾಣಿ ಕಲಸಿ, ಮೆಣಸಿನಕಾಯಿ ಬಜ್ಜಿ ಕರಿದು
ಮೆಹಬೂಬಿಯನ್ನೂ ಕರೆದು ಕುಂತೆ.
ಮೈಯಾಗೆ ಹುಷಾರಿಲ್ಲ ಅಂತ ಮೇಸ್ತ್ರಿಗೆ ಹೇಳಿದ್ದೆ.
ಗೋಪುರದ ತುದಿಗೆ ಅವನು, ಗಾಳಿ, ಆ ನಿಲುವಂಗಿ.
ಹುಡುಗಿ ಕೈ ಚಾಚಿದ್ಲು: ‘ಕ್ಷಮಿಸೀನಿ, ಬಾ.’
ಅವನು ತುಟಿ ಬಿಚ್ಚಿದ,
ಕರೆಂಟು ಹೋಯ್ತು.

ಫ್ಯಾನು ಸುಸ್ತಾಗಿ ನಿಂತಿತು. ಬಂಡೆಗುಡ್ಡದ ಬಿಸಿ
ಇಳಿದು ಬಂದು ನಮ್ಮ ಜೊತೆ ಕುಂತಿತು.
ಕತ್ತಲಾಗೆ ಬಜ್ಜಿ ತಿಂದ್ವಿ.

ಮರುದಿನ ಸಾಲಿಯಿಂದ ಮಗ ಸುದ್ದಿ ತಂದ:
ತಿಪ್ಪೇಶನ ಮನೆಯಾಗೆ ಇನ್ವರ್ಟರ್ ಐತಂತೆ,
ಪೂರ್ತಿ ನೋಡ್ಯಾನಂತೆ.
ಝಂಕೋರ ಅತ್ತನಂತೆ. ಮೊಣಕಾಲೂರಿ,
ಹುಡುಗಿ ಕೈ ಹಿಡಿದು, ತಪ್ಪಾಯ್ತು ಅಂದನಂತೆ.

ಸುಳ್ಳು, ಅಂದೆ.
ನೂರಾ ಹನ್ನೆರಡು ಸಂಜೆ ನೋಡೀನಿ ಅವನನ್ನ.
ನಿನ್ನ ತಿಪ್ಪೇಶ ಕಣ್ಣು ಮುಚ್ಚಿಕೊಂಡಿರ್ತಾನೆ, ಪುಕ್ಕಲ.
ಅವನು ದ್ರಾಕ್ಷಿ ಬೀಜ ಉಗುಳಿ,
ಕಾಲರ್ ಸರಿ ಮಾಡಿಕೊಂಡು
ತಾನೇ ಜಿಗಿದ.
ಕೊನೇವರೆಗೂ ಮಡಿಕೆ ಮಡಿಕೆಯಾಗಿ
ಹಾರ್ತಿತ್ತು ನಿಲುವಂಗಿ.

ಮಗ ನನ್ನ ಮುಖ ನೋಡ್ದ, ಸ್ವಲ್ಪ ಹೊತ್ತು.
ಹೌದು ಬಿಡಮ್ಮ, ಅಂದ.
ಆಮೇಲೆ ಪ್ಯಾಂಟಿನ ಗುಡ್ಡದಾಗೆ ಕೈ ಹಾಕಿ
ಕತ್ತರಿ ಹುಡುಕಿ ಕೊಟ್ಟ.