ಒಳಮಡಿಕೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ.
ನನಗೆ ಎರಡನೆಯದೇ ಮೊದಲು ಮುಗಿದಿತ್ತು:
ಹನ್ನೊಂದು ವರ್ಷ, ಹೋಬಾರ್ಟಿನ ಕೋರ್ಟು, ಒಂದು ಸಹಿ.
ಉಳಿದದ್ದು ಮನೆ.
ಅದು ಮೇ ತಿಂಗಳ ಒಂದು ಮಂಗಳವಾರ
ಲಾರಿಯಲ್ಲಿ ಮಲಗಿಕೊಂಡು ಬಂತು.

ಇಳಿಸಿದವನು ರಸೀತಿಗೆ ರುಜು ಹಾಕಿಸಿಕೊಂಡು
ಸಿಗ್ನೆಟ್ಟಿನಲ್ಲಿ ಒಳ್ಳೆಯ ಪೈ ಎಲ್ಲಿ ಸಿಗುತ್ತದೆಂದು ಕೇಳಿ
ಹೊರಟುಹೋದ.
ಇಳಿಜಾರಿನ ಹುಲ್ಲಿನ ಮೇಲೆ ನಾನು,
ಪ್ಲಾಸ್ಟಿಕ್ ಸುತ್ತಿದ ನಾಲ್ಕು ಕಟ್ಟು ಪೈನ್ ಮರ,
ಅರವತ್ಮೂರು ಪುಟದ ನಕ್ಷೆ.
ತುಂಡು ತುಂಡಿಗೂ ನೀಲಿ ಶಾಯಿಯ ನಂಬರು.

ಗೊತ್ತಿದ್ದ ಕೆಲಸವೇ ಅನಿಸಿತು.
ಬೆಟಗೇರಿಯ ಅಂಗಡಿಯಲ್ಲಿ ಅಪ್ಪ
ಸೀಮೆಸುಣ್ಣದ ಬಿಲ್ಲೆಯಲ್ಲಿ ಗೆರೆ ಎಳೆದು, ಕತ್ತರಿಸಿ,
ಗಂಟು ಕಟ್ಟಿ ನನ್ನ ಮಷಿನ್ನಿನತ್ತ ಎಸೆಯುತ್ತಿದ್ದ:
ಎರಡು ತೋಳು, ಎದೆ, ಬೆನ್ನು, ಕೊರಳಪಟ್ಟಿ.
ಹೊಲಿಯೋಳು ತಲೆ ಕೆಡಿಸಿಕೋಬಾರದು,
ಯೋಚನೆಯೆಲ್ಲ ಕತ್ತರಿ ಮಾಡಿ ಮುಗಿಸಿರ್ತದ ಅನ್ನುತ್ತಿದ್ದ.

ಮೊದಲ ವಾರ ನೆಲ. ಎರಡನೆಯ ವಾರ ಬರೀ ಗಾಳಿ.
ಮೂರನೆಯ ವಾರ ಗೋಡೆ ಎತ್ತಲು
ಪಕ್ಕದ ಸೇಬಿನ ತೋಟದ ಮೆರ್ಲ್ ಬಂದಳು.
ಎಪ್ಪತ್ತೆರಡು ದಾಟಿದೆ. ತುಟಿಯ ನಡುವೆ ಮೂರು ಮೊಳೆ.
ಕಾಲಲ್ಲಿ ಗಂಡನ ಬೂಟು, ಕೈಯಲ್ಲಿ ಗಂಡನ ರಸಮಟ್ಟ.
ಎತ್ತು ಅಂದಳು, ಎತ್ತಿದೆವು.
ಗೋಡೆ ನಿಂತಿತು, ಗುಳ್ಳೆ ನಡುವಿಗೆ ಬರಲಿಲ್ಲ.
'ಗೋಡೆ ನೆಟ್ಟಗಿದೆ, ಗುಡ್ಡವೇ ವಾರೆ' ಅಂದಳು,
ಮೊಳೆ ಉದುರದಂತೆ.

ಆಮೇಲೆ ಬಿ ಹದಿನಾಲ್ಕು.
ಕಿಟಕಿಯ ಪಕ್ಕಕ್ಕೆ ಕೂರಬೇಕಾದ್ದು, ಕೂರಲಿಲ್ಲ,
ಅರ್ಧ ಬೆರಳಿನಷ್ಟು ಗಿಡ್ಡ.
ತಿರುಗಿಸಿ ಇಟ್ಟೆ. ಬೈದೆ. ಕುಂಡೆ ಊರಿ ಕೂತು ನಕ್ಷೆ ನೋಡಿದೆ.
ಬಟ್ಟೆಯಾಗಿದ್ದರೆ ಒಳಮಡಿಕೆ ಬಿಚ್ಚಬಹುದಿತ್ತು.
ಅಪ್ಪ ಬಿಡುತ್ತಿದ್ದ ಎಲ್ಲರಿಗೂ, ಕೇಳದೆಯೇ, ಒಂದೂವರೆ ಇಂಚು:
ಮೈ ತುಂಬಿಕೊಳ್ಳುತ್ತಿರುವ ಹುಡುಗಿಗೆ,
ಜಡ್ಡಿನಿಂದ ಎದ್ದವನಿಗೆ,
ಇನ್ನೂ ಯಾರಿಗೂ ಹೇಳಿರದ ಬಸುರಿಗೆ.
ಬಟ್ಟೆ ಕದ್ದಿ ಅಂತ ಜಗಳಕ್ಕೆ ನಿಂತವರೇ
ವರ್ಷ ಕಳೆದು ಬಂದು
ಸ್ವಲ್ಪ ಬಿಚ್ಚಿಕೊಡು ಮಾರಾಯ ಅನ್ನುತ್ತಿದ್ದರು.

ನನ್ನದರಲ್ಲೂ ಬಿಟ್ಟಿದ್ದರೇನೋ ಯಾರೋ.
ಮೊದಲ ವರ್ಷವೇ ನಾನದನ್ನು ಅಂಚಿನವರೆಗೂ ಕತ್ತರಿಸಿಬಿಟ್ಟೆ,
ಹೊಲಿಗೆ ಚೆಂದ ಕಾಣಲಿ ಎಂದು.

ಕಂಪನಿಗೆ ಫೋನು. ಹೊಸ ತುಂಡಿಗೆ ಹದಿನೈದು ದಿನ.
ಮೆರ್ಲ್ ಕಾಯುವ ಪೈಕಿ ಅಲ್ಲ.
ಹಳೆಯ ಸೇಬಿನ ಪೆಟ್ಟಿಗೆ ಒಡೆದು, ಹಲಗೆ ಸೀಳಿ,
ಸಂದಿಗೆ ತುರುಕಿ ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟಳು.
ಈಗ ನನ್ನ ಗೋಡೆಯೊಳಗೆ
ಯಾರದೋ ತೋಟದ ಕೆಂಪು ಅಕ್ಷರ, ಅರ್ಧ ಹೆಸರು,
ಯಾರಿಗೂ ಕಾಣದ ಹಾಗೆ.

ಅರವತ್ಮೂರನೆಯ ಪುಟಕ್ಕೆ ಬಾಗಿಲು ಬಂತು.
ಹೊಸ್ತಿಲು ಬರಲೇ ಇಲ್ಲ.
ಪಟ್ಟಿಯಲ್ಲಿ ಹುಡುಕಿದೆ; ಆ ಮಾತೇ ಇಲ್ಲ.
ಮುರಿದ ಗೇಟಿನ ಮರ ಕೇಳಿ ತಂದು
ಎರಡು ಭಾನುವಾರ ಕೂತು ಉಜ್ಜಿದೆ,
ಅರಿಶಿನ ಹಚ್ಚಿದೆ, ಅಂಗೈಯಗಲದ ರಂಗೋಲಿ ಹಾಕಿದೆ.
ಕೌನ್ಸಿಲ್ಲಿನ ಡೆಸ್ಮಂಡ್ ಬಂದು ಬಗ್ಗಿ ನೋಡಿ
'ನಕ್ಷೆಯಲ್ಲಿಲ್ಲ ಇದು, ಜನ ಎಡವುತ್ತಾರೆ' ಅಂದ.
'ಒಳಗೆ ಬರುವ ಮುಂಚೆ ಒಮ್ಮೆ ಕಾಲ ಕಡೆ ನೋಡಲಿ ಅಂತಲೇ ಅದು' ಅಂದೆ.
ಏನೋ ಬರೆದುಕೊಂಡ. ದಾಟುವಾಗ ಕಾಲೆತ್ತಿ ದಾಟಿದ.
ಮೆರ್ಲ್ ಮಾತ್ರ ಇವತ್ತಿಗೂ ಎಡವುತ್ತಾಳೆ,
ಇವತ್ತಿಗೂ ಬೈಯುತ್ತಾಳೆ.

ಜುಲೈ. ಕೊರೆಯುವ ಚಳಿ. ಮೊದಲ ರಾತ್ರಿ ಒಬ್ಬಳೇ.
ಒಲೆಯ ಬಿಸಿಗೆ ಮರ ಒಣಗತೊಡಗಿ
ಟಕ್ ಅಂತು ಎಲ್ಲೋ. ಮತ್ತೆ ಟಕ್,
ಬಿಗಿ ಅಂಗಿಯೊಳಗೆ ಯಾರೋ ಉಸಿರೆಳೆದುಕೊಂಡಂತೆ.
ಬರಿಗಾಲಲ್ಲಿ ಎದ್ದುಹೋಗಿ ಟಾರ್ಚು ಹಿಡಿದೆ:
ಬಿ ಹದಿನಾಲ್ಕರ ಪಕ್ಕ ಒಂದು ಸೀಳು,
ದಾರ ಹೋಗುವಷ್ಟು.

ಬೆರಳಿಟ್ಟು ನೋಡಿದೆ.
ತಣ್ಣಗೆ ಗಾಳಿ ಬರುತ್ತಿತ್ತು.
ನಾಳೆ ಮುಚ್ಚಿದರಾಯಿತೆಂದು
ಬಂದು ಮಲಗಿದೆ.