ಎರಡು ಹೊಲಿಗೆ ಹೆಚ್ಚು

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ
ನನಗೆ ಮುಖಗಳ ಪರಿಚಯ ಕಡಿಮೆ.
ಇಪ್ಪತ್ತೆರಡು ವರ್ಷ. ಮೊಣಕಾಲಿನಿಂದ ಕೆಳಗೆ
ಊರು ಪೂರಾ ಗೊತ್ತು:
ಬಾಳೆಲೆ ಬಸ್ಸಿಗೆ ಓಡುವ ಬಿರಿದ ಹಿಮ್ಮಡಿ,
ತೋಟದ ಗಂಬೂಟು, ಅದರ ಅಂಚಿನಲ್ಲಿ
ಕುಡಿದು ಉಬ್ಬಿದ ಜಿಗಣೆ,
ರಿಟೈರಾದ ಹವಾಲ್ದಾರರ ಕಪ್ಪು ಷೂ.
ಮಳೆಯಲ್ಲೂ ಅದರಲ್ಲಿ ನನ್ನ ಮುಖ ಕಾಣುತ್ತದೆ.

ಕಕ್ಕಡ ತಿಂಗಳು ಬಂದರೆ ಮದುವೆ ಇಲ್ಲ.
ಮದುವೆ ಇಲ್ಲದಿದ್ದರೆ ಮೇದರ ಮುದ್ದನ ಮನೆಯಲ್ಲಿ
ಬಿದಿರು ಸೀಳುವ ಸದ್ದು ಮಾತ್ರ.
ಬುಟ್ಟಿಯನ್ನೂ ಈಗ ಪ್ಲಾಸ್ಟಿಕ್ಕು ತಿಂದಿದೆ.
ಈ ಸಲ ಡೋಲಿನ ಭಾವನನ್ನು ಬಿಟ್ಟು
ಒಬ್ಬನೇ ಬಂದ,
ಟವೆಲಿನಲ್ಲಿ ಪೀಪಿ ಸುತ್ತಿಕೊಂಡು.
(ಪೀಪಿ ಎಂದರೆ ಅವನಿಗೆ ಸಿಟ್ಟು. ವಾಲಗ ಅನ್ನಬೇಕು.)
ನನ್ನ ನೀಲಿ ತಾಡಪಾಲಿನ ಪಕ್ಕ,
ಲಾಟರಿ ಅಂಗಡಿ ಇದ್ದ ಜಾಗದಲ್ಲಿ ಕೂತ.

ಮೊದಮೊದಲು ಕಿರಿಕಿರಿ, ಸುಳ್ಳು ಯಾಕೆ.
ಕಂಡಕ್ಟರ್ ಪೊನ್ನಂಪೇಟೆ ಪೊನ್ನಂಪೇಟೆ ಎಂದು ಕೂಗಿದರೆ
ಇವನದ್ದು ಅದರ ಹೆಗಲು ಹತ್ತುತ್ತಿತ್ತು.
ಒಂದು ದಿನದ ಗಳಿಕೆ ನಾನೇ ಎಣಿಸಿದೆ:
ಹತ್ತರ ನೋಟು ಮೂರು, ಚಿಲ್ಲರೆ ಹತ್ತೊಂಬತ್ತು,
ಒದ್ದೆಯಾದ ಒಂದು ಟಿಕೆಟ್ಟು.
ಕಕ್ಕಡ ಹದಿನೆಂಟಕ್ಕೆ ಯಾರೋ ಇಟ್ಟುಹೋದ
ಮದ್ದುಸೊಪ್ಪಿನ ಪಾಯಸ, ನೇರಳೆ ಬಣ್ಣದ್ದು,
ಸ್ಟೀಲ್ ಡಬ್ಬಿ ಸಮೇತ.
ಡಬ್ಬಿ ಕೇಳಲು ಇವತ್ತಿನವರೆಗೆ ಯಾರೂ ಬಂದಿಲ್ಲ.
ಪ್ರವಾಸಕ್ಕೆ ಬಂದವನೊಬ್ಬ ಫೋನು ಎತ್ತಿ ಹಿಡಿದ.
ಮುದ್ದ ಕೆನ್ನೆ ಉಬ್ಬಿಸಿ, ಕತ್ತಿನ ನರ ಎದ್ದು ಬರುವಂತೆ
ಕೊನೆಯ ಸುತ್ತಿನ ತನಕ ಊದಿದ.
ಆತ ಫೋನಿನ ಮೇಲಿನ ಹನಿ ಒರೆಸಿ
ಜೇಬಿಗಿಟ್ಟ. ಅಷ್ಟೇ.

ಇದೇ ಜನ, ಏಪ್ರಿಲ್ಲಿನಲ್ಲಿ, ಮಂಟಪದ ಅಂಗಳದಲ್ಲಿ
ಇದೇ ವಾಲಗಕ್ಕೆ ನಡುರಾತ್ರಿ ತನಕ ಕುಣಿದವರು,
ಇನ್ನೊಂದು ಸುತ್ತು ಎಂದು ಅವನ ಕಿಸೆಗೆ
ನೋಟು ತುರುಕಿದವರು.
ಈಗ ಕತ್ತು ತಿರುಗದು.
ಕೊಡೆಯ ಕೆಳಗೆ ಮುಖಕ್ಕೆ ಬೀಗ.
ಕಾಲು ಮಾತ್ರ, ಧಣಿಗೆ ತಿಳಿಯದ ಹಾಗೆ,
ಕೆಸರಿನ ಗುಂಡಿ ದಾಟುವಾಗ
ಅರ್ಧ ಹೆಜ್ಜೆ ಕುಣಿದುಬಿಡುತ್ತದೆ.
ಹವಾಲ್ದಾರರ ಬಲಗಾಲಿನ ಷೂ
ಮೂರು ಸಲ ಸಿಕ್ಕಿಬಿದ್ದಿದೆ ನನ್ನ ಕಣ್ಣಿಗೆ.
ಯಾರಿಗೂ ಹೇಳಿಲ್ಲ.

ಒಂದು ಮಧ್ಯಾಹ್ನ, ಪಟ್ಟಿ ಕಿತ್ತ ಕಂದು ಚಪ್ಪಲಿ.
"ಬೇಗ, ಕುಟ್ಟದ ಬಸ್ಸು ಬಂತು."
ಗೋಣಿಚೀಲದ ಮೇಲೆ ಬರಿಗಾಲು ಇಟ್ಟು ನಿಂತರು,
ಹೆಬ್ಬೆರಳು ನೆಲ ಕೆರೆಯುತ್ತಿತ್ತು.
ಅಷ್ಟರಲ್ಲಿ ಮುದ್ದ ತನ್ನಷ್ಟಕ್ಕೆ ಏನನ್ನೋ ಎತ್ತಿಕೊಂಡ.
ಮದುವೆಯದ್ದಲ್ಲ, ಸಾವಿನ ಮನೆಯದ್ದೂ ಅಲ್ಲ,
ದಾರಿಯಲ್ಲಿ ಒಬ್ಬನೇ ಬರುವಾಗ
ಅವನಿಗೇ ಸಿಕ್ಕಿದ್ದಿರಬೇಕು.
ನೋಡುತ್ತಿದ್ದಂತೆ ಆ ಕಾಲಿನ ಬೆರಳುಗಳು
ಒಂದೊಂದಾಗಿ ಸುಮ್ಮನಾದವು,
ಕಿರುಬೆರಳು ಕೊನೆಗೆ.
ಹೊಲಿಗೆ ಮುಗಿದಿತ್ತು. ಗಂಟು ಹಾಕುವುದಷ್ಟೇ.
ಹಾಕಲಿಲ್ಲ.
ಇನ್ನೆರಡು ಹೊಲಿಗೆ ಹಾಕಿದೆ.
ಬಸ್ಸು ಹಾರ್ನ್ ಹೊಡೆದು ಹೊರಟೇ ಹೋಯಿತು,
ಯಾರೂ ನನ್ನನ್ನು ಬೈಯಲಿಲ್ಲ.

ಅಂದಿನಿಂದ ನನ್ನ ಕೈ ನಿಧಾನ.
ಬ್ಯಾಂಕಿನ ಷೂ ಬಂದರೆ ದಾರಕ್ಕೆ ಮೇಣ ಸಾಲದು,
ಪೊಲೀಸಿನ ಬೂಟಿಗೆ ಮೊಳೆ ಸಿಗದು,
ಪಂಚಾಯಿತಿ ಮೆಂಬರಿಗೆ ಅಂಟು ಒಣಗಬೇಕು, ಮಳೆ ನೋಡಿ ಸಾರ್.
ಬೈದುಕೊಳ್ಳುತ್ತಾರೆ. ಬೈದುಕೊಂಡೇ ಕೇಳುತ್ತಾರೆ.
ಬರಿಗಾಲಲ್ಲಿ ಎಲ್ಲಿಗೆ ಓಡುತ್ತಾರೆ?
ಕೆಲವರು ಕೇಳಿಯೂ ಕಿವುಡರು, ಚಪ್ಪಲಿ ಸಿಕ್ಕೊಡನೆ ಮಾಯ.
ಮುದ್ದನಿಗೆ ಇದೊಂದೂ ತಿಳಿಯದು.
ನಿನ್ನಿಂದಾಗಿ ನನಗೂ ಗಿರಾಕಿ ನಿಲ್ಲುತ್ತಾರೆ ಎಂದು
ಸಂಜೆ ನನಗೇ ಟೀ ಕುಡಿಸುತ್ತಾನೆ.

ನಿನ್ನೆ ಆ ಕಂದು ಚಪ್ಪಲಿ ಮತ್ತೆ ಬಂತು.
ಬೊಳ್ಳಮ್ಮ ಎಂದು ಹೆಸರಂತೆ,
ಜೊತೆಗಿದ್ದವರು ಕರೆದದ್ದರಿಂದ ತಿಳಿಯಿತು.
ತಿರುಗಿಸಿ ನೋಡಿದೆ, ಎಳೆದು ನೋಡಿದೆ,
ಎಲ್ಲೂ ಕಿತ್ತಿರಲಿಲ್ಲ.
ತಲೆ ಎತ್ತಿದೆ, ಅಪರೂಪಕ್ಕೆ.
ಅವರು ಬೇರೆ ಕಡೆ ನೋಡುತ್ತಿದ್ದರು.
"ಬಿಟ್ಟಿರಿ," ಎಂದೆ.
"ಸ್ವಲ್ಪ ಹೊತ್ತಾಗುತ್ತದೆ."